ಮಾನ್ಯ ಸದಸ್ಯರನ್ನು ಎತ್ತುವವನು

ಯುದ್ಧದಲ್ಲಿ ಗೆದ್ದವರ ಹೆಸರನ್ನು ಕಲ್ಲಿನ ಮೇಲೆ ಕೆತ್ತುತ್ತಾರೆ, ಸೋತವರ ಮೇಲೆ ಹಾಡು ಕಟ್ಟುತ್ತಾರೆ. ಗೆದ್ದವರನ್ನೂ ಸೋತವರನ್ನೂ ಒಂದೇ ಹದದಲ್ಲಿ ಕಂಕುಳಿಗೆ ಕೈಕೊಟ್ಟು ಎತ್ತಿ, ಬಾಗಿಲಾಚೆ ಇಳಿಸಿ, ಉದುರಿದ ಚಪ್ಪಲಿಯನ್ನೂ ತಲುಪಿಸಿ ಹೋಗುವವನ ಬಗ್ಗೆ ಮಾತ್ರ ಯಾರೂ ನಾಲ್ಕು ಸಾಲು ಬರೆಯುವುದಿಲ್ಲ. ರಾಜ್ಯದ ವಿಧಾನಸಭೆಯಲ್ಲಿ ಆ ಕೆಲಸಕ್ಕೆ ಮಾರ್ಷಲ್ ಎಂದು ಹೆಸರು. ಆ ಕೆಲಸದಲ್ಲಿದ್ದವನನ್ನು ಎಲ್ಲರೂ ಕರೆಯುತ್ತಿದ್ದದ್ದು ಕ್ರೇನಣ್ಣ ಎಂದು.

ಕುತ್ತಿಗೆ ಎಂಬ ಒಂದು ಅಂಗವಿದೆ ಎನ್ನುವುದನ್ನೇ ದೇವರು ಅವನ ವಿಷಯದಲ್ಲಿ ಮರೆತುಬಿಟ್ಟಿದ್ದ. ತಲೆಯನ್ನು ಸೀದಾ ಭುಜದ ಮೇಲೆ ಕೂರಿಸಿ ಕಳಿಸಿದ್ದ. ವಿಧಾನಸಭೆಯ ಹಿಂದಿನ ನೌಕರರ ವಸತಿಯಲ್ಲಿ ಅವನ ಮನೆ. ಎರಡು ಕೋಣೆ, ಒಂದು ಅಡುಗೆಮನೆ. ಬಚ್ಚಲಿಗೆ ಅವನು ಅಡ್ಡಡ್ಡವಾಗಿ ಹೋಗಬೇಕು, ಅಡ್ಡಡ್ಡವಾಗಿಯೇ ಬರಬೇಕು. ಅಪ್ಪ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದವನು. ಅವನು ಮಗನಿಗೆ ಬಿಟ್ಟುಹೋದ ಆಸ್ತಿ ಒಂದೇ ಮಾತು: "ಕೈಯಲ್ಲಿ ಎತ್ತಬೇಡ, ಸೊಂಟದಲ್ಲಿ ಎತ್ತು."

ಕೆಲಸ ಸಿಕ್ಕಿದ ಕಥೆಯನ್ನು ಊರವರು ತಲಾ ಒಂದೊಂದು ಥರ ಹೇಳುತ್ತಾರೆ. ನಡೆದದ್ದು ಇಷ್ಟು. ಹರೆಯದಲ್ಲಿ ಅವನು ಅಧ್ಯಕ್ಷರ ಕೊಠಡಿಗೆ ಕಬ್ಬಿಣದ ಬೀರು ಹೊತ್ತು ತರುತ್ತಿದ್ದ. ಸಭೆಯೊಳಗಿನ ಜಗಳ ಆಗಷ್ಟೇ ಪಡಸಾಲೆಗೆ ಹರಿದುಬಂದಿತ್ತು. ಇಬ್ಬರು ಸದಸ್ಯರು ಒಬ್ಬರ ಜುಟ್ಟನ್ನು ಇನ್ನೊಬ್ಬರು ಹಿಡಿದು ದಾರಿಗೆ ಅಡ್ಡವಾಗಿ ಗಿರಗಿರ ತಿರುಗುತ್ತಿದ್ದರು. "ಸ್ವಲ್ಪ ಜಾಗ ಬಿಡಿ ಸ್ವಾಮಿ" ಎಂದು ಅವನು ಕೇಳಿದ. ಯಾರು ಕೇಳಿಸಿಕೊಳ್ಳಬೇಕು. ಬೀರು ಇಳಿಸಿದ, ಎಡಗಂಕುಳಲ್ಲಿ ಒಬ್ಬರನ್ನು ಬಲಗಂಕುಳಲ್ಲಿ ಒಬ್ಬರನ್ನು ಎತ್ತಿದ, ಆಚೆ ಗೋಡೆಗೆ ಒಬ್ಬರನ್ನು ಈಚೆ ಗೋಡೆಗೆ ಒಬ್ಬರನ್ನು ಒರಗಿಸಿದ, ಬೀರು ಹೊತ್ತು ಮುಂದಕ್ಕೆ ನಡೆದ. ಇಬ್ಬರನ್ನೂ ಬೀರುವಿನೊಳಗೆ ಹಾಕಿ ಬಾಗಿಲು ಜಡಿದ ಎನ್ನುವುದು ಶುದ್ಧ ಸುಳ್ಳು. ಬೀರುವಿಗೆ ಬೀಗ ಹಾಕಿತ್ತು.

ಅದನ್ನು ಕಣ್ಣಾರೆ ಕಂಡ ಆಗಿನ ಅಧ್ಯಕ್ಷರು ಬೀರುವಿನ ಜೊತೆಗೆ ಅವನನ್ನೂ ಉಳಿಸಿಕೊಂಡರು.

ಮೂಟೆ ಎತ್ತುವುದು ಸುಲಭ, ಮೂಟೆಗೆ ಅಭಿಪ್ರಾಯವಿಲ್ಲ. ಶಾಸಕ ಹಾಗಲ್ಲ. ಒದೆಯುತ್ತಾನೆ, ಪರಚುತ್ತಾನೆ, ಮೇಜಿನ ಕಾಲನ್ನು ತಬ್ಬಿಕೊಳ್ಳುತ್ತಾನೆ, ಕೊನೆಗೆ ಮೈಯನ್ನು ಒದ್ದೆ ಕಂಬಳಿಯಂತೆ ಸಡಿಲ ಬಿಟ್ಟು ತೂಕ ಇಮ್ಮಡಿ ಮಾಡಿಕೊಳ್ಳುತ್ತಾನೆ. ಅವನನ್ನು ಎಳೆಯಬಾರದು. ಎಳೆದರೆ ಅಂಗಿ ಹರಿಯುತ್ತದೆ, ಅಂಗಿ ಹರಿದರೆ ಫೋಟೋ ಬರುತ್ತದೆ, ಫೋಟೋ ಬಂದರೆ ಮಾರನೆಯ ದಿನ ಊರಿನ ಅಂಗಡಿಗಳೆಲ್ಲ ಮುಚ್ಚುತ್ತವೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾವನ್ನು ಮಾತ್ರ ಮನೆಯಾಚೆ ಬಿಟ್ಟುಬರಬೇಕು. ಕ್ರೇನಣ್ಣ ಹಿಂದಿನಿಂದ ಬಂದು ಕಂಕುಳಿಗೆ ಕೈಕೊಡುತ್ತಿದ್ದ. ಅವನ ಕೈಕೆಳಗಿನ ಮೂವರಲ್ಲಿ ಒಬ್ಬ ಎಡಗಾಲು ಹಿಡಿಯುತ್ತಿದ್ದ, ಒಬ್ಬ ಬಲಗಾಲು. ಮೂರನೆಯವನದು ಬಿದ್ದ ಚಪ್ಪಲಿ, ಕನ್ನಡಕ, ಕಟ್ಟಿಸಿಕೊಂಡ ಹಲ್ಲು ಇವನ್ನೆಲ್ಲ ಆರಿಸಿಕೊಂಡು ಹಿಂದೆ ಬರುವ ಕೆಲಸ. ಆ ಮೂವರ ಹೆಸರೂ ಹಾಗೆಯೇ ನಿಂತುಹೋಗಿತ್ತು: ಎಡಗಾಲು, ಬಲಗಾಲು, ಚಪ್ಪಲಿ. ಸಂಬಳದ ದಿನ ಗುಮಾಸ್ತ "ಎಡಗಾಲು ಬಂದ್ನಾ?" ಎಂದೇ ಕೂಗುತ್ತಿದ್ದ.

ಕ್ರೇನಣ್ಣನದು ಒಂದೇ ವ್ರತ. ಅಧ್ಯಕ್ಷರ ಬಾಯಿಂದ ಅಪ್ಪಣೆ ಬರುವ ತನಕ ಕಣ್ಣೆದುರೇ ತಲೆ ಒಡೆದರೂ ಯಾರನ್ನೂ ಮುಟ್ಟುವುದಿಲ್ಲ. ಬಂದ ಮೇಲೆ, ಹೊರಗೆ ಇಳಿಸುವ ತನಕ ನಿಲ್ಲುವುದಿಲ್ಲ.

ಅವನ ಹೆಂಡತಿ ಸರ್ಕಾರಿ ಆಸ್ಪತ್ರೆಯ ಗಾಯ ಕಟ್ಟುವ ವಾರ್ಡಿನಲ್ಲಿ ನರ್ಸಮ್ಮ. ಅಧಿವೇಶನ ಶುರುವಾದರೆ ಇಬ್ಬರಿಗೂ ಪುರುಸೊತ್ತಿಲ್ಲ. "ಎತ್ತಿ ಕಳ್ಸೋರು ನೀವು, ಕಟ್ಟಿ ಕಳ್ಸೋಳು ನಾನು" ಎನ್ನುತ್ತಿದ್ದಳು. "ಜನ ಓಟು ಹಾಕೋದೇ ನಮ್ಮ ಸಂಸಾರ ನಡೀಲಿ ಅಂತ."

ಇಂತಹ ಕ್ರೇನಣ್ಣನ ಬಾಳಿಗೆ ವಕ್ಕರಿಸಿದ ಶತ್ರುವಿನ ಹೆಸರು ಗುಡುಗು.

ಗುಡುಗು ಸುತ್ತಿಗೆ ಪಕ್ಷದ ಶಾಸಕ. ಹೆಸರಿಗೆ ತಕ್ಕ ಗಂಟಲು. ಅವನು "ಅಧ್ಯಕ್ಷರೇ" ಎಂದು ಎದ್ದರೆ ಮೇಜಿನ ಮೇಲಿನ ನೀರಿನ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ಛತ್ರಿ ಪಕ್ಷ ಎರಡು ಅವಧಿ ರಾಜ್ಯ ಆಳಿತು. ಆ ಎರಡೂ ಅವಧಿ ಗುಡುಗು ವಿರೋಧ ಪಕ್ಷದ ಸಾಲಿನಿಂದ ಹಾರಿ ಅಧ್ಯಕ್ಷರ ಪೀಠದ ಮುಂದಿನ ಅಂಗಳಕ್ಕೆ ಧುಮುಕುವುದು, ಕ್ರೇನಣ್ಣ ಅವನನ್ನು ಹೊತ್ತು ಪಡುವಣ ಬಾಗಿಲಿನಿಂದ ಆಚೆ ಇಳಿಸುವುದು ಊಟ ತಿಂಡಿಯಷ್ಟೇ ಸಲೀಸಾಗಿ ನಡೆದುಬಂದಿತ್ತು. ಬರಬರುತ್ತಾ ಇಬ್ಬರ ನಡುವೆ ಒಂದು ಹೊಂದಾಣಿಕೆಯೂ ಬೆಳೆದಿತ್ತು. ಗುಡುಗು ಹೊರಿಸಿಕೊಂಡು ಹೋಗುತ್ತಾ "ಪ್ರಜಾಪ್ರಭುತ್ವದ ಕಗ್ಗೊಲೆ" ಎಂದು ಸೂರು ಹಾರುವಂತೆ ಅರಚಿ, ಉಸಿರೆಳೆದುಕೊಳ್ಳುವ ನಡುವೆ ಮೆಲ್ಲಗೆ, "ಎಡಗಡೆ ಸ್ವಲ್ಪ ಸಡಿಲ ಮಾಡೋ, ಪಕ್ಕೆ ಹಿಡ್ಕೊಂಡಿದೆ" ಎನ್ನುತ್ತಿದ್ದ. ಕ್ರೇನಣ್ಣ ಸಡಿಲ ಮಾಡುತ್ತಿದ್ದ. "ಈ ಸರ್ಕಾರಕ್ಕೆ ಧಿಕ್ಕಾರ" ಎಂಬ ಗರ್ಜನೆ ಮುಂದುವರಿಯುತ್ತಿತ್ತು.

ಒಂದು ದಿನ ಹೊಸ್ತಿಲ ಮೇಲೆ ಎಡಗಾಲಿಗೆ ಸೀನು ಬಂತು. ಸೀನು ಬಂದವನು ಹಿಡಿದದ್ದನ್ನು ಬಿಟ್ಟು ಮೂಗು ಹಿಡಿದುಕೊಂಡ. ಗುಡುಗು ಮಗುಚಿಕೊಂಡು ಕಲ್ಲಿನ ಮೇಲೆ ಬಿದ್ದ. ಭುಜದ ಮೂಳೆ ಒಣಕಡ್ಡಿಯಂತೆ ಲಟಕ್ಕೆಂದದ್ದು ಪತ್ರಕರ್ತರ ಸಾಲಿಗೂ ಕೇಳಿಸಿತು. ಅದನ್ನು ಕಟ್ಟಿದವಳೂ ನರ್ಸಮ್ಮನೇ. ಅವಳು ಬಿಗಿಯುವ ಹೊತ್ತಿಗೆ ಅವನು ಹಲ್ಲು ಕಚ್ಚಿ ಹೇಳಿದ:

"ನಿನ್ ಗಂಡನಿಗೆ ಹೇಳಮ್ಮ. ನಾವು ಬಂದ ಮೊದಲನೇ ದಿನ, ಅದೇ ಬಾಗಿಲಿಂದ, ಅವನನ್ನೂ ಹೀಗೇ ಎತ್ತಿಸಿ ಎಸೀತೀನಿ. ಕೆಲಸಾನೂ ಇರಲ್ಲ, ಮನೇನೂ ಇರಲ್ಲ."

"ಹೇಳ್ತೀನಿ ಸ್ವಾಮಿ. ಈಗ ಉಸಿರು ಬಿಡಿ, ಬಟ್ಟೆ ಸುತ್ತಬೇಕು."

ಮನೆಗೆ ಬಂದು ಹೇಳಿಯೂ ಹೇಳಿದಳು. ಕ್ರೇನಣ್ಣ ಅನ್ನ ಕಲಸುತ್ತಾ, "ಅವರು ಬರೋದಿಲ್ಲ ಬಿಡೇ" ಎಂದ.

ಅಲ್ಲಿಗೆ ಚುನಾವಣೆ ಬಂತು.

ಆ ಸಲದ ಚುನಾವಣೆ ಎಂದರೆ ಕುರುಕ್ಷೇತ್ರದ ಚಿಕ್ಕ ತಮ್ಮ. ಚಿಹ್ನೆ ಹಂಚುವವರು ಸ್ವಲ್ಪ ಯೋಚಿಸಬೇಕಿತ್ತು. ಒಂದು ಪಕ್ಷಕ್ಕೆ ದಿಂಬು, ಇನ್ನೊಂದಕ್ಕೆ ಹತ್ತಿ ಕೊಟ್ಟಿದ್ದರೆ ಇಷ್ಟು ರಕ್ತ ಹರಿಯುತ್ತಿರಲಿಲ್ಲ. ಸುತ್ತಿಗೆಯವರು ಮೆರವಣಿಗೆಗೆ ನಿಜವಾದ ಸುತ್ತಿಗೆ ತಂದರು. ಛತ್ರಿಯವರು ಕಬ್ಬಿಣದ ಕಡ್ಡಿಯ, ಚೂಪು ಮೂತಿಯ ಛತ್ರಿ ತಂದರು. ಬಸ್ ನಿಲ್ದಾಣದ ಎದುರು ಎರಡು ಮೆರವಣಿಗೆಗಳು ಮುಖಾಮುಖಿಯಾದಾಗ ಛತ್ರಿಗಳು ಒಟ್ಟಿಗೆ ಬಿಚ್ಚಿಕೊಂಡವು, ಸುತ್ತಿಗೆಗಳು ಒಟ್ಟಿಗೆ ಇಳಿದವು. ಔಷಧಿ ಅಂಗಡಿಯ ಗಾಜು, ಎರಡು ಟ್ಯಾಕ್ಸಿ, ಭಾಷಣಕ್ಕೆ ಕಟ್ಟಿದ ವೇದಿಕೆ ಎಲ್ಲ ಪುಡಿ. ಮೈಕಿನವನೊಬ್ಬ ಯಾವ ಪಕ್ಷವೂ ಅಲ್ಲದವನು, ಬಾಡಿಗೆಗೆ ಬಂದವನು, ಎರಡೂ ಕಡೆಯ ಏಟನ್ನು ಸಮನಾಗಿ ತಿಂದ. ಪ್ರಜಾಪ್ರಭುತ್ವದಲ್ಲಿ ತಟಸ್ಥರ ಪಾಡು ಅಷ್ಟೆ.

ವೇದಿಕೆ ಸಿಕ್ಕಲ್ಲೆಲ್ಲ ಗುಡುಗು ಒಂದೇ ಪಲ್ಲವಿ ಹಾಡಿದ. ರಸ್ತೆ ಮಾಡಿಸ್ತೀನಿ, ನೀರು ಕೊಡಿಸ್ತೀನಿ, ಕ್ರೇನನ್ನ ಎತ್ತಿ ಎಸೀತೀನಿ. ಜನ ರಸ್ತೆಗೂ ನೀರಿಗೂ ಆಕಳಿಸಿ, ಮೂರನೆಯದಕ್ಕೆ ಶಿಳ್ಳೆ ಹೊಡೆದರು.

ಮತ ಎಣಿಕೆಯ ದಿನ ಕ್ರೇನಣ್ಣ ಹೆಂಡತಿಗೆ ಊಟದ ಡಬ್ಬಿ ಕೊಡಲು ಆಸ್ಪತ್ರೆಗೆ ಹೋದ. ವಾರ್ಡು ಸಂತೆಯಂತಿತ್ತು. ಮಂಚ ಸಾಲದೆ ನೆಲದ ಮೇಲೆಲ್ಲ ತಲೆ ಒಡೆದವರು, ಕೈ ಮುರಿದವರು. ಬಂದ ಬಂದ ಹಾಗೆ ಮಲಗಿಸಿದ್ದರಿಂದ ಪಕ್ಷಗಳು ಬೆರೆತುಹೋಗಿದ್ದವು. ಗೋಡೆಯ ಮೇಲೆ ಟಿ.ವಿ. ಹಾಕಿದ್ದರು, ಆ ಬುದ್ಧಿವಂತ ಯಾರೋ ಗೊತ್ತಿಲ್ಲ. ಸುತ್ತಿಗೆ ಪಕ್ಷ ಬಹುಮತದ ಗೆರೆ ದಾಟಿತೆಂದು ಪರದೆ ಹೇಳಿತು. ಮೂಲೆಯ ಮಂಚದ ಸುತ್ತಿಗೆಯವನು ಸಂತೋಷ ತಡೆಯಲಾರದೆ, ಪ್ಲಾಸ್ಟರ್ ಹಾಕಿದ ಕಾಲನ್ನು ಎತ್ತಿ ಪಕ್ಕದ ಮಂಚದ ಛತ್ರಿಯವನ ಹೊಟ್ಟೆಗೆ ಇಳಿಸಿದ. ಛತ್ರಿಯವನು ಕೈಗೆ ಚುಚ್ಚಿದ್ದ ಸೂಜಿ ಕಿತ್ತೆಸೆದು, ಬಾಟಲಿ ನೇತುಹಾಕುವ ಕಬ್ಬಿಣದ ಕಂಬವನ್ನೇ ಗದೆಯಂತೆ ತಿರುಗಿಸಿದ. ಮುಂದಿನ ಗಳಿಗೆಯಲ್ಲಿ ವಾರ್ಡಿನಲ್ಲಿ ಎದ್ದು ನಿಲ್ಲಬಲ್ಲವರೆಲ್ಲ ಎದ್ದಿದ್ದರು, ನಿಲ್ಲಲಾರದವರು ಮಲಗಿದ್ದಲ್ಲಿಂದಲೇ ಸಿಕ್ಕವರ ಕಾಲು ಎಳೆಯುತ್ತಿದ್ದರು. ಮಲದ ಪಾತ್ರೆಯೊಂದು ಆಕಾಶಮಾರ್ಗವಾಗಿ ಹೋಗಿ ಡಾಕ್ಟರ ಬೆನ್ನಿಗೆ ಬಡಿಯಿತು.

"ರೀ, ನೋಡ್ತಾ ನಿಂತಿದ್ದೀರಲ್ಲ" ಎಂದಳು ನರ್ಸಮ್ಮ.

"ಯಾರೂ ಹೇಳ್ಲಿಲ್ವಲ್ಲೇ."

"ನಾನು ಹೇಳ್ತಿದ್ದೀನಿ. ಈ ವಾರ್ಡಿಗೆ ನಾನೇ ಅಧ್ಯಕ್ಷೆ. ಎತ್ತಿ."

ಅವನು ಡಬ್ಬಿಯನ್ನು ಕಿಟಕಿಯ ಮೇಲಿಟ್ಟು, ಒಬ್ಬೊಬ್ಬರನ್ನೇ ಎತ್ತಿ ಅವರವರ ಮಂಚಕ್ಕೆ ಹಾಕತೊಡಗಿದ. ಸುತ್ತಿಗೆಯವರನ್ನು ಕಿಟಕಿಯ ಕಡೆಗೆ, ಛತ್ರಿಯವರನ್ನು ಗೋಡೆಯ ಕಡೆಗೆ ವಿಂಗಡಿಸಿದ. ಕೊನೆಯವನನ್ನು ಮಲಗಿಸಿ ಹೊದಿಕೆ ಹೊದಿಸುವ ಹೊತ್ತಿಗೆ, ಗಾಯಾಳುಗಳನ್ನು ನೋಡಲು ಗುಡುಗು ಬಂದ. ಗೆದ್ದ ಮುಖ ದೀಪದಂತೆ ಉರಿಯುತ್ತಿತ್ತು.

"ಏನಪ್ಪಾ ಕ್ರೇನು. ನಮ್ಮ ಹುಡುಗರನ್ನೂ ಎತ್ತೋಕೆ ಶುರು ಮಾಡಿದ್ಯಾ?"

"ಅವರವರ ಜಾಗಕ್ಕೆ ಹಾಕಿದೆ ಸಾರ್."

"ನಿನ್ ಜಾಗ ಎಲ್ಲಿ ಅಂತ ಗೊತ್ತಲ್ಲ. ಊರಿಗೆಲ್ಲ ಹೇಳಿಬಿಟ್ಟಿದ್ದೀನಿ, ಇನ್ನು ತಪ್ಪಿಸೋ ಹಾಗಿಲ್ಲ. ಮೊದಲನೇ ದಿನ ಸಂಜೆ, ಕಲಾಪ ಮುಗಿದ ಮೇಲೆ. ಸಾಮಾನು ಕಟ್ಟಿಟ್ಟಿರು."

"ಆಗಲಿ ಸಾರ್."

ಗುಡುಗು ಹೋದ ಮೇಲೆ ನರ್ಸಮ್ಮ ಡಬ್ಬಿ ಬಿಚ್ಚಿದಳು. "ಏನ್ರೀ ಆಗಲಿ ಸಾರ್? ಕಾಲು ಹಿಡ್ಕೋಬಾರದಿತ್ತಾ?"

"ಕಾಲು ಹಿಡಿಯೋದು ಎಡಗಾಲು ಬಲಗಾಲಿನ ಕೆಲಸ. ನನ್ನದು ಕಂಕುಳು."

ಅವಳು ನಗಲಿಲ್ಲ. ಅವನೂ ನಗಲಿಲ್ಲ. ಈ ಕೆಲಸ ಹೋದರೆ ಅವನಿಗೆ ಬರುವುದು ಏನು? ಮೂಟೆ ಹೊರುವ ವಯಸ್ಸು ಕಳೆದಿತ್ತು. ಒದೆಯುವ ಮನುಷ್ಯನನ್ನು ನೋಯಿಸದೆ ಎತ್ತುವ ವಿದ್ಯೆಗೆ ರಾಜ್ಯದಲ್ಲಿ ಇದ್ದದ್ದು ಒಂದೇ ಹುದ್ದೆ.

ಮೊದಲನೆಯ ದಿನ ಬಂತು. ಅಧ್ಯಕ್ಷರ ಬಲಕ್ಕೆ ಆಳುವವರು, ಎಡಕ್ಕೆ ವಿರೋಧದವರು ಎನ್ನುವುದು ಸಭೆಯ ಪದ್ಧತಿ. ಸರ್ಕಾರ ಬದಲಾದ್ದರಿಂದ ಎರಡೂ ಕಡೆಯವರು ಜಾಗ ಅದಲು ಬದಲು ಮಾಡಿಕೊಳ್ಳಬೇಕಿತ್ತು. ಮಾಜಿ ಮಂತ್ರಿಗಳು ಅಭ್ಯಾಸಬಲದಿಂದ ಹಳೆಯ ಕುರ್ಚಿಗೇ ಹೋಗಿ ಕೂತು, ಹೊಸ ಮಂತ್ರಿಗಳ ತೊಡೆಯ ಮೇಲೆ ಕೂತಿದ್ದೇವೆಂದು ತಿಳಿದು ಎದ್ದರು. ಹೊಸ ಅಧ್ಯಕ್ಷೆ ನಿವೃತ್ತ ಗಣಿತದ ಮೇಡಂ. ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. ಗುಡುಗು ಈಗ ಲೋಕೋಪಯೋಗಿ ಮಂತ್ರಿ. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಹೊಸ ಬೂಟು. ಮುಖ್ಯಮಂತ್ರಿ ಅವನ ಕಿವಿಯಲ್ಲಿ, "ಇನ್ಮೇಲೆ ನಾವು ಸರ್ಕಾರ ಕಣಯ್ಯ, ಕೂತ್ಕೊಂಡಿರಬೇಕು" ಎಂದು ಮೊದಲೇ ಬುದ್ಧಿ ಹೇಳಿದ್ದರು. ಗುಡುಗು ಕುರ್ಚಿಯ ಕೈ ಹಿಡಿದು ಕೂತಿದ್ದ.

ಎದುರು ಸಾಲಿನಲ್ಲಿ ಬೆಣ್ಣೆ. ಛತ್ರಿ ಪಕ್ಷದ ಮಾಜಿ ಮಂತ್ರಿ. ಅಧಿಕಾರದಲ್ಲಿದ್ದಾಗ ಇವನ ಬಾಯಲ್ಲಿ ಒಂದು ಬಿರುಸು ಮಾತು ಬಂದದ್ದಿಲ್ಲ, ಅದಕ್ಕೇ ಆ ಹೆಸರು. ಕುರ್ಚಿ ಹೋದ ಮೇಲೆ ಬೆಣ್ಣೆ ಕಾದು ತುಪ್ಪವಾಗಿತ್ತು. ಕಲಾಪ ಶುರುವಾಗುತ್ತಲೇ ಅವನು ಪಂಚೆ ಎತ್ತಿಕಟ್ಟಿ ಮೇಜಿನ ಮೇಲೇರಿದ. ಮತ ಎಣಿಕೆಯಲ್ಲಿ ಮೋಸವೆಂದ. ಮೈಕನ್ನು ಬುಡದಿಂದ ಕಿತ್ತು ಬೀಸಿದ. ಅದು ಸುತ್ತಿಗೆ ಪಕ್ಷದ ಮೊದಲ ಸಾಲಿನ ಒಬ್ಬ ಮುದುಕರ ಹಣೆಗೆ ಬಡಿದು ರಕ್ತ ಚಿಮ್ಮಿತು. ಆಮೇಲೆ ಯಾರ ಮೈಮೇಲೆ ಯಾರಿದ್ದರೆಂದು ಹೇಳುವುದು ಕಷ್ಟ. ಕಡತಗಳು ಹಕ್ಕಿಗಳಂತೆ ಹಾರಿದವು. ಪೇಪರ್ ವೇಟುಗಳು ಹಾರಿದವು, ಅವು ಹಕ್ಕಿಗಳಂತಿರಲಿಲ್ಲ. ಒಬ್ಬರು ಇನ್ನೊಬ್ಬರ ಟೈ ಹಿಡಿದು ಬಾವಿಯಿಂದ ನೀರು ಸೇದುವಂತೆ ಸೇದಿದರು. ಇಪ್ಪತ್ತು ವರ್ಷ ಸಭೆಯಲ್ಲಿ ಬಾಯಿಬಿಡದ ಒಬ್ಬ ಸದಸ್ಯರು ಮೊತ್ತಮೊದಲು ಬಾಯಿಬಿಟ್ಟು ಎದುರಾಳಿಯ ತೋಳು ಕಚ್ಚಿದರು.

ಗುಡುಗು ತಡೆದುಕೊಂಡ. ಕುರ್ಚಿಯ ಕೈಗಳು ಕಿರುಗುಟ್ಟಿದವು. ಬೆಣ್ಣೆ ಮೇಜಿನ ಮೇಲಿಂದ, "ಏನಯ್ಯಾ ಮಂತ್ರೀ, ಗಂಟಲಿಗೆ ಬೀಗ ಹಾಕ್ಸಿದ್ರಾ?" ಎಂದ. ಅಷ್ಟು ಸಾಕಾಯಿತು. "ಅಧ್ಯಕ್ಷರೇ" ಎಂಬ ಸಿಡಿಲು ಸದ್ದಿನೊಡನೆ ಗುಡುಗು ಹಳೆಯ ರೂಢಿಯಂತೆ ಎರಡು ಮೇಜು ದಾಟಿ ಹಾರಿ ಪೀಠದ ಮುಂದಿನ ಅಂಗಳಕ್ಕೆ ಧುಮುಕಿದ.

ಟೀಚರಮ್ಮ ಎದ್ದು ನಿಂತರು. ತರಗತಿಯಲ್ಲಿ ತುಂಟನನ್ನು ತೋರಿಸುವ ಬೆರಳನ್ನು ನೇರ ಬೆಣ್ಣೆಯ ಕಡೆ ಚಾಚಿದರು. "ಮಾರ್ಷಲ್, ಇವರನ್ನ ಹೊರಗೆ ಕರ್ಕೊಂಡು ಹೋಗಿ."

ಕ್ರೇನಣ್ಣ ಬೆರಳನ್ನು ನೋಡಲೇ ಇಲ್ಲ. ಆ ಗಂಟಲು ಕೇಳಿ, ಹಿಂದೆಯೇ ಅಪ್ಪಣೆ ಕೇಳಿದರೆ ಅವನ ಕೈಗಳಿಗೆ ತಲೆಯ ಸಲಹೆ ಬೇಕಾಗುತ್ತಿರಲಿಲ್ಲ. ಗಾಣದೆತ್ತಿಗೆ ದಾರಿ ಹೇಳಿಕೊಡಬೇಕೆ? ನಾಲ್ಕು ಹೆಜ್ಜೆಯಲ್ಲಿ ಬಂದ, ಹಿಂದಿನಿಂದ ಕಂಕುಳಿಗೆ ಕೈಕೊಟ್ಟ, ಸೊಂಟ ಕೊಟ್ಟು ಎತ್ತಿದ. ಎಡಗಾಲು ಎಡಗಾಲನ್ನು ಹಿಡಿದ, ಬಲಗಾಲು ಬಲಗಾಲನ್ನು. ಲೋಕೋಪಯೋಗಿ ಮಂತ್ರಿಗಳು ಗಾಳಿಯಲ್ಲಿ ತೇಲಿದರು.

ಇನ್ನೂ ದೊಡ್ಡ ಸೋಜಿಗವೆಂದರೆ ಮಂತ್ರಿಗಳಿಗೂ ಏನೂ ಸೋಜಿಗವೆನಿಸಲಿಲ್ಲ. ಕಾಲು ನೆಲ ಬಿಟ್ಟೊಡನೆ ಅವರ ಬಾಯಿ ತಾನಾಗಿಯೇ ತೆರೆದುಕೊಂಡಿತು. "ಪ್ರಜಾಪ್ರಭುತ್ವದ ಕಗ್ಗೊಲೆ. ಈ ಸರ್ಕಾರಕ್ಕೆ ಧಿಕ್ಕಾರ. ಈ ಮುಖ್ಯಮಂತ್ರಿ ರಾಜೀನಾಮೆ ಕೊಡಲಿ." ನಡುವೆ ಮೆಲ್ಲಗೆ, "ಪಕ್ಕೆ ಕಣೋ."

ಕ್ರೇನಣ್ಣ ಸಡಿಲ ಮಾಡಿದ.

ಸಭೆಯಲ್ಲಿ ಹೊಡೆದಾಟ ನಿಂತುಹೋಯಿತು. ಹೊಡೆಯುವವನ ಕೈ ಎತ್ತಿದಲ್ಲೇ ಉಳಿಯಿತು, ಕಚ್ಚುವವನ ಬಾಯಿ ಕಚ್ಚಿದಲ್ಲೇ. ಮುಖ್ಯಮಂತ್ರಿ ತಮ್ಮ ರಾಜೀನಾಮೆ ಕೇಳುತ್ತಾ ಸಾಗಿಹೋದ ತಮ್ಮದೇ ಮಂತ್ರಿಯನ್ನು ಬೆಪ್ಪಾಗಿ ನೋಡಿದರು. ಆಮೇಲೆ ಛತ್ರಿ ಪಕ್ಷದ ಸಾಲುಗಳು ಮೇಜು ಕುಟ್ಟಿ ನಕ್ಕವು. ಪತ್ರಕರ್ತರು ನಕ್ಕರು. ಹಣೆಗೆ ಕರವಸ್ತ್ರ ಒತ್ತಿಕೊಂಡಿದ್ದ ಮುದುಕರೂ ನಕ್ಕರು. ಆ ನಗು ತಪ್ಪು ಕಡೆಯಿಂದ ಬರುತ್ತಿದೆ ಎಂದು ಕ್ರೇನಣ್ಣನಿಗೆ ಹೊಳೆದದ್ದು ಪಡುವಣ ಬಾಗಿಲ ಹೊಸ್ತಿಲು ದಾಟಿದ ಮೇಲೆ. ಹಿಂದೆ ತಿರುಗಿ ನೋಡಿದ. ಹೊಳೆಯುವ ಹೊಸ ಬೂಟು ಹಿಡಿದು ಚಪ್ಪಲಿ ಬರುತ್ತಿದ್ದ. ಅಂಥ ಬೂಟು ವಿರೋಧ ಪಕ್ಷದಲ್ಲಿ ಯಾರಿಗೂ ಇರಲಿಲ್ಲ.

"ಅಣ್ಣಾ" ಎಂದ ಎಡಗಾಲು, ಬಿಳಿಚಿಕೊಂಡು. "ಇವರು ಈಗ ಮಂತ್ರಿ."

ಪಡಸಾಲೆಯಲ್ಲಿ ಇಳಿಸಿದರು, ಮೆತ್ತಗೆ. ಗುಡುಗು ಬರಿಗಾಲಲ್ಲಿ ನಿಂತು, ತಾನು ಏನು ಕೂಗಿದೆ ಎನ್ನುವುದನ್ನು ಒಂದೊಂದಾಗಿ ನೆನಪಿಸಿಕೊಂಡ. ಮುಖ ಕೆಂಪೇರಿತು, ಆಮೇಲೆ ನೀಲಿಗೆ ತಿರುಗಿತು.

"ಸಂಜೆ ಬೇಡ" ಎಂದ. "ಈಗಲೇ. ನೀವು ಮೂವರು, ಎತ್ತಿ ಇವನನ್ನ. ಆಚೆ ಮೆಟ್ಟಿಲ ಕೆಳಗೆ ಎಸೀರಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

"ಅಧ್ಯಕ್ಷರು ಹೇಳ್ಲಿಲ್ವಲ್ಲ ಸಾರ್" ಎಂದ ಬಲಗಾಲು.

"ಅಧ್ಯಕ್ಷರ ಅಪ್ಪಣೆ ಬೇಕಾದ್ದು ಸದಸ್ಯರನ್ನ ಎತ್ತೋಕೆ ಕಣೋ" ಎಂದ ಕ್ರೇನಣ್ಣ. "ನಾನು ಸದಸ್ಯ ಅಲ್ಲ. ನನ್ನನ್ನ ಯಾರು ಬೇಕಾದ್ರೂ ಎತ್ತಿಸಬಹುದು. ಎತ್ತಿ."

"ಕಂಕುಳಿಗೆ ಯಾರಣ್ಣ?"

ಅದೊಂದು ಪ್ರಶ್ನೆಯೇ ಆಗಿತ್ತು. ಮೂವರಲ್ಲಿ ಯಾರೂ ಜನ್ಮದಲ್ಲಿ ಕಂಕುಳು ಹಿಡಿದವರಲ್ಲ. ಕೊನೆಗೆ ಎಡಗಾಲು ಹಿಂದೆ ಹೋದ, ಬೂಟನ್ನು ಮಂತ್ರಿಯ ಕೈಗೇ ಕೊಟ್ಟ ಚಪ್ಪಲಿ ಕಾಲು ಹಿಡಿಯಲು ಬಂದ. ಕ್ರೇನಣ್ಣ ಎಲ್ಲವನ್ನೂ ಹೇಳಿಕೊಟ್ಟ. "ಕೈಯಲ್ಲಲ್ಲ, ಸೊಂಟ ಬಗ್ಗಿಸು. ಹಾಂ. ನೀನು ಮಂಡಿ ಕೆಳಗೆ ಹಿಡಿ. ಒಟ್ಟಿಗೆ ಉಸಿರು ಎಳ್ಕೊಳ್ಳಿ." ಮೂರು ಸಲ ಎತ್ತಿದರು, ಮೂರು ಸಲವೂ ಇಳಿಸಿದರು. ನಾಲ್ಕನೆಯ ಸಲ ಗುಡುಗೇ ತಾಳ್ಮೆಗೆಟ್ಟು, ಬೂಟುಗಳನ್ನು ಬಗಲಿಗಿಟ್ಟು, ಬೆಲ್ಟಿಗೆ ಕೈಹಾಕಿದ. ಹಾಗೆ ಒಬ್ಬ ಮಂತ್ರಿ, ಮೂವರು ನೌಕರರು ಸೇರಿ, ಎತ್ತಿಸಿಕೊಳ್ಳುವವನ ಸೂಚನೆಯಂತೆ ಅವನನ್ನು ಹೊತ್ತು ನಡೆದರು. "ಎಡಕ್ಕೆ. ಕಂಬ ಇದೆ. ಮೆಟ್ಟಿಲು ಬಂತು, ಮುಂದಿನವರು ಬಗ್ಗಬೇಡಿ."

ಮುಂದಿನವರು ಬಗ್ಗಿದರು. ಕ್ರೇನಣ್ಣ ಕೈತಪ್ಪಿದ. ಕಲ್ಲಿನ ಮೇಲೆ ಅವನು ಒಂದೊಂದೇ ಮೆಟ್ಟಿಲಾಗಿ ಉರುಳಿದ ಸದ್ದು ಗೋಡೌನಿನಲ್ಲಿ ಮೂಟೆ ಬಿದ್ದಂತಿತ್ತು. ಕೆಳಗೆ ತಲುಪುವಾಗ ಬಲತೋಳು ಕೀಲು ಬಿಟ್ಟು ಬೇರೆ ಯಾರದೋ ತೋಳಿನಂತೆ ನೇತಾಡುತ್ತಿತ್ತು.

ಗುಡುಗು ಮೆಟ್ಟಿಲ ಮೇಲೆ ನಿಂತು ಏದುಸಿರು ಬಿಟ್ಟ. ಗೆದ್ದವನ ಮುಖವಾಗಿರಲಿಲ್ಲ ಅದು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಮರ ಸೀಳುವ ಸದ್ದು ಬಂತು.

ನಗು ಮುಗಿದ ಮೇಲೆ ಸಭೆ ಮತ್ತೆ ತನ್ನ ಕೆಲಸಕ್ಕೆ ಮರಳಿತ್ತು. ಈಗ ಬಿಡಿಸುವವರು ಯಾರೂ ಇರಲಿಲ್ಲ. ಟೀಚರಮ್ಮ "ಮಾರ್ಷಲ್" ಎಂದು ಕರೆದರು, ಮತ್ತೆ ಕರೆದರು, ಗಂಟೆ ಹೊಡೆದರು. ಯಾರೋ ಗಂಟೆಯನ್ನೇ ಕಿತ್ತುಕೊಂಡು ಇನ್ಯಾರಿಗೋ ಹೊಡೆದರು. ಗುಡುಗು ಬರಿಗಾಲಲ್ಲೇ ಒಳಕ್ಕೆ ಓಡಿದ. ಬೆಣ್ಣೆ ಮೇಜಿನ ಕಾಲು ಮುರಿದುಕೊಂಡು ಬಾಗಿಲ ಪಕ್ಕದಲ್ಲೇ ಕಾಯುತ್ತಿದ್ದ. ಮೊದಲ ಏಟಿಗೆ ಮಂತ್ರಿಯ ಮೂಗು ಒಡೆಯಿತು. ಎರಡನೆಯ ಏಟಿಗೆ ಅವನು ಬಿದ್ದ. ಬಿದ್ದವನ ಮೇಲೆ ಬೆಣ್ಣೆ ಬಿದ್ದು ಕಿವಿಗೆ ಬಾಯಿಹಾಕಿದ. ಪೊಲೀಸರು ಬಂದು ಬಿಡಿಸುವ ಹೊತ್ತಿಗೆ ಸಭೆಯಲ್ಲಿ ನೆಟ್ಟಗೆ ನಿಂತಿದ್ದ ಕುರ್ಚಿ ಒಂದೇ, ಅದು ಅಧ್ಯಕ್ಷರದು.

ಸಂಜೆ ವಾರ್ಡಿನಲ್ಲಿ ನರ್ಸಮ್ಮ ಗಂಡನ ತೋಳನ್ನು ಹೆಗಲಿಗೆ ಕಟ್ಟಿ, ಪಕ್ಕದ ಮಂಚಕ್ಕೆ ತಿರುಗಿದಳು. ಪಕ್ಕದ ಮಂಚದಲ್ಲಿ ಲೋಕೋಪಯೋಗಿ ಮಂತ್ರಿಗಳು ಮೂಗಿಗೆ ಹತ್ತಿ ತುರುಕಿಸಿಕೊಂಡು ಮಲಗಿದ್ದರು. ಕಿವಿಗೆ ಹೊಲಿಗೆ ಹಾಕಿತ್ತು.

"ಹೇಳಿದ್ದೆ, ಮಾಡಿದೆ" ಎಂದ ಗುಡುಗು ಮೂಗಿನಲ್ಲಿ. ಗಂಟಲು ಇಲಿಯದಾಗಿತ್ತು. "ಎತ್ತಿಸಿ ಎಸೆದಾಯ್ತು. ನಂದೂ ನಿಂದೂ ಲೆಕ್ಕ ಮುಗೀತು."

"ಆಗಲಿ ಸಾರ್."

"ಮಾತ್ ಮಾತಿಗೆ ಆಗಲಿ ಸಾರ್ ಅನ್ಬೇಡ. ಆ ಬೆಣ್ಣೆ ನನ್ ಕಿವಿ ಕಚ್ಚಿದಾನೆ. ಸೋಮವಾರ ಮತ್ತೆ ಸಭೆ. ಅವನನ್ನ ನೀನೇ ಎತ್ತಬೇಕು. ನಾನು ಸಿಎಮ್ಮಿಗೆ ಹೇಳಿ ನಿನ್ ಕೆಲಸ ಉಳಿಸ್ತೀನಿ."

"ನನ್ ಮಾರ್ಷಲ್‌ನ ಕೆಲಸ ಉಳಿಸೋಕೆ ಸಿಎಂ ಯಾಕೆ?" ಎಂಬ ಧ್ವನಿ ಬಾಗಿಲಿನಿಂದ ಬಂತು. ಟೀಚರಮ್ಮ. ಹಣೆಯ ಮೇಲೆ ಒಂದು ಪಟ್ಟಿ, ಕನ್ನಡಕದ ಒಂದು ಗಾಜು ಇಲ್ಲ. ಗುಡುಗು ಎದ್ದು ಕೂರಲು ಹೋದ. "ಮಲಗಿ" ಎಂದರು. ಮಲಗಿದ.

ಅವರು ಕ್ರೇನಣ್ಣನ ಮಂಚದ ಬಳಿ ನಿಂತರು. "ನಾನು ತೋರಿಸಿದ್ದು ಒಬ್ಬರನ್ನ. ನೀನು ಎತ್ತಿದ್ದು ಇನ್ನೊಬ್ಬರನ್ನ. ಯಾಕೆ?"

"ಅಭ್ಯಾಸ, ಅಮ್ಮ."

"ಸರ್ಕಾರ ಬದಲಾಗಿದೆ. ಅಭ್ಯಾಸ ಬದಲಾಯಿಸ್ಕೋ. ಇದೊಂದು ಸಲ ಬಿಟ್ಟಿದ್ದೀನಿ. ಇನ್ನೊಂದು ಸಲ ತಪ್ಪಿದ್ರೆ ಈ ಮಂತ್ರಿ ಬೇಡ, ನಾನೇ ಮನೆಗೆ ಕಳಿಸ್ತೀನಿ."

"ಮನೆಗೆ ಕಳಿಸೋಕೂ ಆಗಲ್ಲ ಮೇಡಂ" ಎಂದಳು ನರ್ಸಮ್ಮ, ಸೂಜಿಗೆ ಔಷಧಿ ಎಳೆಯುತ್ತಾ. "ಮನೇನೂ ನಿಮ್ಮದೇ." ಆಮೇಲೆ ಮಂತ್ರಿಗೆ, "ಸ್ವಾಮಿ, ಮಗ್ಗುಲಾಗಿ. ಇದು ತೋಳಿಗೆ ಹಾಕೋದಲ್ಲ."

ಸೋಮವಾರ ಸಭೆ ಸೇರಿತು. ಎರಡೂ ಕಡೆಯ ಸಾಲುಗಳು ಬಿಳಿ ಪಟ್ಟಿಗಳಿಂದ ಕಂಗೊಳಿಸುತ್ತಿದ್ದವು. ಹೊರಗಿನವರು ನೋಡಿದ್ದರೆ ಎರಡೂ ಒಂದೇ ಪಕ್ಷವೆಂದುಕೊಳ್ಳಬೇಕು. ಮೊದಲ ವಿಷಯ ಚರಂಡಿ. ಚರಂಡಿಯಿಂದ ಗುತ್ತಿಗೆಗೆ, ಗುತ್ತಿಗೆಯಿಂದ ಗುತ್ತಿಗೆದಾರನ ಭಾವಮೈದುನನಿಗೆ, ಭಾವಮೈದುನನಿಂದ ಒಬ್ಬರ ತಾಯಿಗೆ ಮಾತು ಬಂತು. ಬೆಣ್ಣೆ ಮೇಜು ಹತ್ತಿದ. ಗುಡುಗು ಮೂಗಿನಲ್ಲೇ ಗುಡುಗುತ್ತಾ ಅಂಗಳಕ್ಕೆ ಧುಮುಕಿದ. ಎರಡೂ ಕಡೆಯಿಂದ ಜನ ಎದ್ದರು. ಒಂದು ಬೂಟು ಹಾರಿತು. ಹಿಂದಿನ ಸಾಲಿನಲ್ಲಿ ಒಬ್ಬರು ಇನ್ನೊಬ್ಬರ ಮುರಿದ ಕೈಯನ್ನೇ ಹಿಡಿದು ತಿರುಚಿದರು.

"ಮಾರ್ಷಲ್" ಎಂದರು ಟೀಚರಮ್ಮ. "ಹೊರಗೆ ಹಾಕಿ."

ಈ ಸಲ ಬೆರಳು ಯಾರ ಕಡೆಗೂ ಚಾಚಿರಲಿಲ್ಲ. ಎರಡೂ ಕೈಯಲ್ಲಿ ಅವರು ಹೊಸ ಗಂಟೆಯನ್ನು ಭದ್ರವಾಗಿ ಹಿಡಿದುಕೊಂಡಿದ್ದರು.

ಕ್ರೇನಣ್ಣ ನಡುವೆ ಬಂದ. ಬಲತೋಳು ಹೆಗಲಿಗೆ ಕಟ್ಟಿತ್ತು. ಹಿಂದೆ ಮೂವರು. ಕೈ ಗುಡುಗಿನ ಕಡೆ ಹೊರಟಿತು, ಅದನ್ನು ತಡೆದ. ಬೆಣ್ಣೆಯ ಕಡೆ ನೋಡಿದ, ಕಾಲು ಏಳಲಿಲ್ಲ. ತಪ್ಪಿದರೆ ಕೆಲಸ ಹೋಯಿತು. ಆ ಸಭೆಯಲ್ಲಿ ಅಷ್ಟು ವರ್ಷ ಒಂದು ಶಬ್ದ ಆಡದವನು ಪೀಠದ ಕಡೆ ತಲೆ ಎತ್ತಿ, ಆ ಮಟ್ಟದ ಗದ್ದಲದ ನಡುವೆಯೂ ಎಲ್ಲರಿಗೂ ಕೇಳುವಂತೆ ಕೇಳಿದ:

"ಯಾರನ್ನಮ್ಮ?"

ಗದ್ದಲ ಅಲ್ಲಲ್ಲೇ ಕುಸಿಯಿತು. ಸಭೆಯೊಳಗೆ ಮಾರ್ಷಲ್ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಪ್ರತಿಯೊಬ್ಬರೂ ಟೀಚರಮ್ಮನ ಕಡೆ ತಿರುಗಿದರು. ಅವರು ಉಳಿದ ಒಂದೇ ಗಾಜಿನ ಕನ್ನಡಕದಿಂದ ಮೊದಲು ಬಲಗಡೆಯ ಸಾಲುಗಳನ್ನು ನೋಡಿದರು, ಒಬ್ಬೊಬ್ಬರನ್ನೇ, ಅವಸರವಿಲ್ಲದೆ. ನೋಟ ಬಿದ್ದ ಬಿದ್ದ ಸದಸ್ಯರು ಕೂತರು. ಆಮೇಲೆ ಎಡಗಡೆ ನೋಡಿದರು. ಅಲ್ಲೂ ಕೂತರು. ಕೈ ತಿರುಚುತ್ತಿದ್ದವರು ತಿರುಚಿದ ಕೈಯನ್ನು ಸವರಿ, ಅದರ ಒಡೆಯನಿಗೇ ಮರಳಿಸಿದರು. ಗುಡುಗು ಅಂಗಳದಿಂದ ಹಿಂದೆ ಹಿಂದೆ ಸರಿದು ಕುರ್ಚಿ ತಲುಪಿದ. ಬೆಣ್ಣೆಗೆ ಮೇಜಿನಿಂದ ಇಳಿಯಲು ಮಂಡಿ ಬಗ್ಗುತ್ತಿರಲಿಲ್ಲ. ತನ್ನ ಪಕ್ಷದವರು ಯಾರೂ ಕೈಕೊಡಲು ಏಳಲಿಲ್ಲ, ಎದ್ದರೆ ಕಣ್ಣಿಗೆ ಬೀಳುತ್ತೇವಲ್ಲ ಎಂದು. ಅವನು ಅಲ್ಲೇ, ಮೇಜಿನ ಮೇಲೇ, ಕಾಲು ಮಡಚಿ ಕೂತುಬಿಟ್ಟ.

ಟೀಚರಮ್ಮ ಕಾಗದ ತಿರುವಿದರು. "ಚರಂಡಿ" ಎಂದರು. "ಮಂತ್ರಿಗಳು ಉತ್ತರ ಹೇಳ್ತಾರೆ."

ಗುಡುಗು ಎದ್ದು, ಕ್ರೇನಣ್ಣನ ಮೇಲೊಂದು ಕಣ್ಣಿಟ್ಟು, ಮೆತ್ತನೆಯ ದನಿಯಲ್ಲಿ ಚರಂಡಿಯ ಉದ್ದ ಹೇಳತೊಡಗಿದ.

"ಅಣ್ಣಾ" ಎಂದು ಎಡಗಾಲು ಹಿಂದಿನಿಂದ ಪಿಸುಗುಟ್ಟಿದ. "ಎತ್ತೋದಾ, ಬೇಡ್ವಾ?"

"ಸುಮ್ನೆ ನಿಂತ್ಕೋ" ಎಂದ ಕ್ರೇನಣ್ಣ. "ಅಮ್ಮ ಇನ್ನೂ ಹೇಳಿಲ್ಲ."

ನಾಲ್ವರೂ ಸಭೆಯ ನಟ್ಟನಡುವೆ, ಚರಂಡಿ ಮುಗಿಯುವ ತನಕ ನಿಂತರು.